ಹೆದರಿಸುವವನು ಹೇಳಿದ ರಾಜನ ಕಥೆ

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮಗಳು ಕೈಲಿದ್ದ ಪುಸ್ತಕವನ್ನು ಮಂಚದ ಮೇಲೆ ಎಸೆದು, "ಮೋಸ ಹೋದೆ ಕಣಮ್ಮಾ" ಎಂದಳು. ಹಳೇ ಪುಸ್ತಕದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದಿದ್ದಂತೆ. ಪುಸ್ತಕದ ಹೆಸರು ‘ದಿ ಐಸ್ ಆಫ್ ದಿ ಡ್ರ್ಯಾಗನ್’, ಎಂದರೆ ಡ್ರ್ಯಾಗನ್ನಿನ ಕಣ್ಣುಗಳು. ಬರೆದವನು ಅಮೆರಿಕದ ಸ್ಟೀಫನ್ ಕಿಂಗ್. ಈ ಮಹಾಶಯನ ದೆವ್ವದ ಕಾದಂಬರಿಗಳನ್ನು ಓದಿ ನಮ್ಮ ಹುಡುಗಿ ದೀಪ ಆರಿಸದೆ ಮಲಗಿದ ರಾತ್ರಿಗಳು ಎಷ್ಟೋ! ಕರೆಂಟಿನ ಬಿಲ್ಲು ನೋಡಿ ನಮ್ಮ ಮನೆಯವರು ಗೊಣಗಿದ್ದೂ ಉಂಟು.

"ಏನಾಯ್ತೇ, ಅಷ್ಟು ಭಯವೇ?" ಎಂದೆ.

"ಭಯ ಎಲ್ಲಿ ಬಂತು! ಒಂದು ದೆವ್ವವೂ ಇಲ್ಲ, ಭೂತವೂ ಇಲ್ಲ. ಒಬ್ಬ ಮುದುಕ ರಾಜ, ಇಬ್ಬರು ಮಕ್ಕಳು, ಒಬ್ಬ ಕೆಟ್ಟ ಮಾಂತ್ರಿಕ. ನೀನು ಹೇಳ್ತಿದ್ದೆಯಲ್ಲ, ಚಂದಮಾಮ, ಅದೇ."

ಚಂದಮಾಮ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಚಂದಮಾಮಕ್ಕಾಗಿ ಅಣ್ಣತಮ್ಮಂದಿರ ಜೊತೆ ಜಗಳವಾಡಿ ಬೆಳೆದವಳು ನಾನು. "ಕೊಡೇ ಇಲ್ಲಿ" ಎಂದು ತೆಗೆದುಕೊಂಡೆ. ನನ್ನದು ಹೈಸ್ಕೂಲಿನ ಇಂಗ್ಲಿಷ್. ಪಕ್ಕದಲ್ಲಿ ಡಿಕ್ಷನರಿ ಬೇಕೇ ಬೇಕು. ಆದರೆ ಈ ಪುಸ್ತಕ ಅಷ್ಟೇನೂ ಕಷ್ಟ ಕೊಡಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು. ಇದನ್ನು ಆತ ಬರೆದದ್ದೇ ಒಬ್ಬ ಹುಡುಗಿಗಾಗಿ, ತನ್ನ ಸ್ವಂತ ಮಗಳಿಗಾಗಿ.

ಆ ಕಥೆಗೆ ಮೊದಲು ಸ್ಟೀಫನ್ ಕಿಂಗ್ ಬಗ್ಗೆ ಎರಡು ಮಾತು ಹೇಳಬೇಕು. ಈತ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಮೇನ್ ಎಂಬ ರಾಜ್ಯದಲ್ಲಿ. ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಸಂಬಳ ಸಾಲದು, ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಟ್ರೇಲರ್ ಎನ್ನುವ ಗಾಡಿಯಂಥ ಮನೆಯಲ್ಲಿ ವಾಸ. ರಾತ್ರಿ ಕೂತು ಕಥೆ ಬರೆಯುವುದು. ‘ಕ್ಯಾರಿ’ ಎಂಬ ಮೊದಲ ಕಾದಂಬರಿಯ ಆರಂಭದ ಹಾಳೆಗಳನ್ನು ಬರೆದು, ಇದು ನನ್ನಿಂದಾಗದು ಎಂದು ಮುದುರಿ ಕಸದ ಬುಟ್ಟಿಗೆ ಹಾಕಿದ್ದನಂತೆ. ಹೆಂಡತಿ ಟ್ಯಾಬಿಥಾ ಕಸ ಚೆಲ್ಲಲು ಹೋದವಳು ಆ ಹಾಳೆಗಳನ್ನು ಬಿಡಿಸಿ ಓದಿ, ಬೂದಿ ಕೊಡವಿ ತಂದುಕೊಟ್ಟು, "ಮುಂದೆ ಬರೆಯಿರಿ, ಹೆಣ್ಣುಮಕ್ಕಳ ವಿಷಯ ನಿಮಗೆ ಗೊತ್ತಾಗದಿದ್ದರೆ ನಾನು ಹೇಳುತ್ತೇನೆ" ಎಂಬಂತೆ ಧೈರ್ಯ ಹೇಳಿದಳು. 1974ರಲ್ಲಿ ಅದು ಅಚ್ಚಾಯಿತು. ಅಗ್ಗದ ಆವೃತ್ತಿಯ ಹಕ್ಕು ನಾಲ್ಕು ಲಕ್ಷ ಡಾಲರಿಗೆ ಮಾರಾಟವಾಗಿ ಅದರಲ್ಲಿ ಅರ್ಧ ಇವರ ಪಾಲಿಗೆ ಬಂತು. ಆ ಸುದ್ದಿ ಫೋನಿನಲ್ಲಿ ಬಂದ ದಿನ ಹೆಂಡತಿಗೆ ಏನಾದರೂ ತರಬೇಕೆಂದು ಓಡಿದರೆ ತೆರೆದಿದ್ದದ್ದು ಒಂದು ಔಷಧಿ ಅಂಗಡಿ ಮಾತ್ರ. ಅಲ್ಲಿ ಸಿಕ್ಕಿದ್ದು ತಲೆಗೂದಲು ಒಣಗಿಸುವ ಯಂತ್ರ! ಅದನ್ನೇ ತಂದುಕೊಟ್ಟ. ಗಂಡಸರು ಎಲ್ಲಿದ್ದರೂ ಗಂಡಸರೇ.

ಅಲ್ಲಿಂದ ಮುಂದೆ ಒಂದರ ಹಿಂದೊಂದು ಭಯಾನಕ ಕಾದಂಬರಿಗಳು ಬಂದವು. ರಕ್ತ ಹೀರುವವರು, ದೆವ್ವ ಮೆಟ್ಟಿದ ಹೋಟೆಲು, ಸತ್ತವರನ್ನು ಎಬ್ಬಿಸುವ ಸ್ಮಶಾನ. ಊರೆಲ್ಲ ಓದಿತು. ಆದರೆ ಮನೆಯಲ್ಲೇ ಒಬ್ಬಳು ಓದಲಿಲ್ಲ. ಹಿರಿಯ ಮಗಳು ನವೋಮಿ. ಅವಳಿಗೆ ಹದಿಮೂರು ವರ್ಷವಾಗುವ ಹೊತ್ತಿಗೆ ಅಪ್ಪ ಜಗತ್ಪ್ರಸಿದ್ಧ. ಇವಳು ಮಾತ್ರ ನಿಮ್ಮ ರಕ್ತಪಿಶಾಚಿ, ಹರಿದಾಡುವ ಹುಳಹುಪ್ಪಟೆಗಳ ಕಥೆ ನನಗೆ ಬೇಡವೇ ಬೇಡ ಎಂದುಬಿಟ್ಟಳು. ಅಪ್ಪನಿಗೆ ಹೇಗಾಗಿರಬೇಕು, ಯೋಚಿಸಿ. ಊರಿಗೆಲ್ಲ ಅಡುಗೆ ಮಾಡಿ ಬಡಿಸುವವನ ಮನೆಯಲ್ಲಿ ಮಗಳು ಉಪವಾಸ ಇದ್ದಹಾಗೆ. ಸರಿ, ಅವಳಿಗೆ ಏನು ಇಷ್ಟವೋ ಅದನ್ನೇ ಬರೆಯುತ್ತೇನೆಂದು ಆತ ರಾಜರಾಣಿಯರ ಕಥೆಗೆ ಕೂತ. ಬರೆದ ಹಾಳೆಗಳನ್ನು ಅವಳು ತೆಗೆದುಕೊಂಡದ್ದೂ ಅರೆಮನಸ್ಸಿನಿಂದಲೇ. ಆದರೆ ಓದುತ್ತಾ ಓದುತ್ತಾ ಕಥೆ ಅವಳನ್ನು ಹಿಡಿದುಕೊಂಡಿತು. ಮುಗಿಸಿ ಬಂದು ಅಪ್ಪನನ್ನು ತಬ್ಬಿಕೊಂಡು, ಇದರಲ್ಲಿರುವ ತಪ್ಪು ಒಂದೇ, ಮುಗಿದುಹೋಯಿತಲ್ಲ ಎಂದಳಂತೆ. ಇದನ್ನು ಕಿಂಗನೇ ಹೇಳಿಕೊಂಡಿದ್ದಾನೆ.

1984ರಲ್ಲಿ ಆತ ತನ್ನದೇ ಪುಟ್ಟ ಪ್ರಕಾಶನದಿಂದ ಚಿತ್ರಗಳೊಂದಿಗೆ ಸಾವಿರ ಚಿಲ್ಲರೆ ಪ್ರತಿಗಳನ್ನಷ್ಟೇ ಅಚ್ಚು ಹಾಕಿಸಿದ. ಅಲ್ಲಿಗೇ ನಿಂತಿದ್ದರೆ ಅದು ಮನೆಯ ಕಥೆಯಾಗಿಯೇ ಉಳಿಯುತ್ತಿತ್ತು. 1987ರಲ್ಲಿ ಸ್ವಲ್ಪ ತಿದ್ದಿ ದೊಡ್ಡ ಪ್ರಕಾಶಕರ ಮೂಲಕ ಎಲ್ಲರಿಗೂ ಕೊಟ್ಟ. ಅಲ್ಲಿಂದ ರಗಳೆ ಶುರುವಾಯಿತು.

ಕಥೆ ಹೀಗಿದೆ. ಡೆಲೈನ್ ಎಂಬ ರಾಜ್ಯ. ರೋಲಂಡ್ ಎಂಬ ರಾಜ. ಕೆಟ್ಟವನಲ್ಲ, ಆದರೆ ಮಂದ. ಬೇಟೆ ಎಂದರೆ ಪ್ರಾಣ. ಒಮ್ಮೆ ಡ್ರ್ಯಾಗನ್ ಎಂಬ ಬೆಂಕಿ ಉಗುಳುವ ದೈತ್ಯಪ್ರಾಣಿಯನ್ನು ಕೊಂದು ಅದರ ತಲೆಯನ್ನು ತನ್ನ ಕೋಣೆಯ ಗೋಡೆಗೆ ತೂಗುಹಾಕಿದ್ದಾನೆ. ವಯಸ್ಸು ಮೀರಿದ ಮೇಲೆ ಮದುವೆ. ರಾಣಿ ಸಾಶಾ ಚಿಕ್ಕ ಹುಡುಗಿ, ದೊಡ್ಡ ಮನೆತನವಲ್ಲ, ಒಳ್ಳೆಯ ಮನಸ್ಸು. ಆಸ್ಥಾನದಲ್ಲಿ ಫ್ಲ್ಯಾಗ್ ಎಂಬ ಮಾಂತ್ರಿಕ. ರಾಜ್ಯವನ್ನು ಹಾಳುಗೆಡವುವುದೊಂದೇ ಅವನ ಗುರಿ, ಅದಕ್ಕೆ ರಾಣಿ ಅಡ್ಡಿ. ಮೊದಲ ಮಗ ಪೀಟರ್‌ಗೆ ಐದು ವರ್ಷವಿದ್ದಾಗ ರಾಣಿ ಎರಡನೆಯ ಹೆರಿಗೆಗೆ ಮಲಗುತ್ತಾಳೆ. ಸೂಲಗಿತ್ತಿಯ ಮಗನ ಕಾಯಿಲೆ ವಾಸಿಮಾಡಿದ ಋಣವನ್ನು ಫ್ಲ್ಯಾಗ್ ಅವತ್ತು ವಸೂಲು ಮಾಡುತ್ತಾನೆ, ಅವಳ ಕೈಯಿಂದಲೇ ರಾಣಿಯನ್ನು ಕೊಲ್ಲಿಸುತ್ತಾನೆ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಒಲೆಯ ಮುಂದೆ ಹೋಗಿ ನಿಂತೆ. ಹೆರಿಗೆ ಕೋಣೆಯ ಬಾಗಿಲು ದಾಟಿದ ಹೆಂಗಸಿಗೆ ಇದಕ್ಕಿಂತ ದೆವ್ವ ಬೇಕೇ? ದೆವ್ವವಿಲ್ಲ ಎಂದ ನನ್ನ ಮಗಳಿಗೆ ಇನ್ನೂ ಮದುವೆಯಾಗಿಲ್ಲ, ಅವಳಿಗೇನು ಗೊತ್ತು.

ಹಾಗೆ ಹುಟ್ಟಿದ ಎರಡನೆಯ ಮಗನೇ ಥಾಮಸ್. ಅಣ್ಣ ಎಲ್ಲದರಲ್ಲೂ ಮುಂದು, ಈತ ಹಿಂದು. ತಂದೆಗೆಂದು ಕಷ್ಟಪಟ್ಟು ಮರದಲ್ಲಿ ಒಂದು ದೋಣಿ ಕೆತ್ತಿ ಕೊಡುತ್ತಾನೆ, ತಂದೆ ಅದಕ್ಕೆ ಬೆಲೆಯನ್ನೇ ಕೊಡುವುದಿಲ್ಲ. ಎರಡು ಮಕ್ಕಳನ್ನು ಸಾಕಿದ ಯಾರಿಗೂ ಈ ಪುಟಗಳು ಚುರುಕ್ ಎನ್ನದೆ ಇರವು. ಈ ಹುಡುಗನಿಗೆ ಮಾಂತ್ರಿಕ ಒಂದು ಗುಟ್ಟಿನ ಓಣಿ ತೋರಿಸುತ್ತಾನೆ. ಅದರ ಕೊನೆಯಲ್ಲಿ ನಿಂತರೆ ಗೋಡೆಯ ಮೇಲಿನ ಡ್ರ್ಯಾಗನ್ನಿನ ಗಾಜಿನ ಕಣ್ಣುಗಳ ಮೂಲಕ ಅಪ್ಪನ ಕೋಣೆಯೆಲ್ಲ ಕಾಣುತ್ತದೆ. ಪುಸ್ತಕದ ಹೆಸರು ಬಂದದ್ದು ಇದರಿಂದಲೇ. ಒಂದು ರಾತ್ರಿ ಫ್ಲ್ಯಾಗ್ ರಾಜನಿಗೆ ವಿಷ ಬೆರೆಸಿದ ಮದ್ಯ ಕೊಡುವುದನ್ನು ಹುಡುಗ ಆ ಕಣ್ಣುಗಳಿಂದ ನೋಡುತ್ತಾನೆ. ನೋಡಿ, ಬಾಯಿ ಮುಚ್ಚಿಕೊಂಡಿರುತ್ತಾನೆ! ಆರೋಪ ಪೀಟರ್ ಮೇಲೆ ಬೀಳುತ್ತದೆ, ಥಾಮಸ್‌ಗೆ ಕಿರೀಟ ಸಿಗುತ್ತದೆ.

ಹಿರಿಯವನಿಗೆ ಸೆರೆ, ಕಿರಿಯವನಿಗೆ ಪಟ್ಟ ಎಂದಾಗ ನಮಗೆ ರಾಮಾಯಣ ನೆನಪಾಗದೆ ಇರುತ್ತದೆಯೇ? ಆದರೆ ಥಾಮಸ್ ಭರತನಲ್ಲ. ಪಾದುಕೆ ಇಟ್ಟು ಕಾಯುವ ದೊಡ್ಡತನ ಅವನಿಗಿಲ್ಲ. ಹಾಗಂತ ಪೂರಾ ದುಷ್ಟನೂ ಅಲ್ಲ. ಕಂಡದ್ದನ್ನು ಹೇಳಲಾರದೆ, ರಾತ್ರಿ ನಿದ್ದೆ ಬರದೆ, ಕುಡಿತಕ್ಕೆ ಬಿದ್ದು ನರಳುವ ಹುಡುಗ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಜೀವವಿರುವ ಮನುಷ್ಯ ಇವನೇ. ಪೀಟರ್ ಬಹಳ ಒಳ್ಳೆಯವನು, ಎಷ್ಟು ಒಳ್ಳೆಯವನೆಂದರೆ ಸ್ವಲ್ಪ ಬೇಸರವಾಗುವಷ್ಟು.

ಆದರೆ ಪೀಟರ್ ಸೆರೆಮನೆಯಿಂದ ಪಾರಾಗುವ ಬಗೆ ಇದೆಯಲ್ಲ, ಅದನ್ನು ನಮ್ಮಂಥ ಹೆಂಗಸರು ಓದಲೇಬೇಕು.

ರಾಣಿ ಸಾಶಾ ಬದುಕಿದ್ದಾಗ ಮಗನಿಗೆ ಊಟದ ಶಿಸ್ತು ಕಲಿಸಿರುತ್ತಾಳೆ. ಅವರಲ್ಲಿ ಊಟಕ್ಕೆ ಕೂತಾಗ ತೊಡೆಯ ಮೇಲೆ ನ್ಯಾಪ್‌ಕಿನ್ ಎಂಬ ಬಟ್ಟೆ ಹಾಸಿಕೊಳ್ಳಬೇಕು. ಒಂದು ಔತಣದಲ್ಲಿ ಮಗು ಎಲ್ಲ ಸರಿಯಾಗಿ ಮಾಡಿ ಅದೊಂದನ್ನು ಮರೆಯುತ್ತದೆ. ಆಗ ತಾಯಿ ಬಯ್ಯುವುದಿಲ್ಲ. ಇಂಗ್ಲಿಷಿನಲ್ಲಿ ‘ಗಾಡ್’ ಎಂದರೆ ದೇವರು, ಅದೇ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ‘ಡಾಗ್’, ನಾಯಿ. ಮನುಷ್ಯನೊಳಗೆ ಎರಡೂ ಇವೆ, ಆ ಬಟ್ಟೆ ನಮ್ಮೊಳಗಿನ ನಾಯಿಯನ್ನು ದೂರ ಇಡುವುದಕ್ಕೆ ಎಂಬ ಅರ್ಥದಲ್ಲಿ ತಿಳಿಸಿ ಹೇಳುತ್ತಾಳೆ. ಮಗು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ. ತಾಯಿಯ ಇನ್ನೊಂದು ನೆನಪು ಅವಳ ಬೊಂಬೆಮನೆ. ಪಾತ್ರೆಪಡಗ, ಮೇಜು ಕುರ್ಚಿ ಎಲ್ಲ ಬೆರಳುದ್ದದ್ದು. ಅದರಲ್ಲಿ ನಿಜವಾಗಿಯೂ ನೇಯಬಲ್ಲ ಒಂದು ಪುಟಾಣಿ ಮಗ್ಗ. ಗಂಡುಹುಡುಗ ಬೊಂಬೆಮನೆಯಲ್ಲಿ ಆಡುತ್ತಾನಲ್ಲ ಎಂದು ಅಪ್ಪನಿಗೆ ಚಿಂತೆಯೂ ಆಗಿರುತ್ತದೆ.

ಪೀಟರ್‌ನನ್ನು ಮುನ್ನೂರು ಅಡಿ ಎತ್ತರದ ಗೋಪುರದ ತುದಿಯಲ್ಲಿ ಸೆರೆ ಇಡುತ್ತಾರೆ. ಅವನು ನ್ಯಾಯಾಧೀಶನಿಗೆ ಪತ್ರ ಬರೆದು ಎರಡೇ ಎರಡು ಕೇಳುತ್ತಾನೆ: ನನ್ನ ತಾಯಿಯ ಬೊಂಬೆಮನೆ, ಮತ್ತು ಪ್ರತಿ ಊಟದ ಜೊತೆ ಒಂದು ನ್ಯಾಪ್‌ಕಿನ್. ಎಲ್ಲರೂ ನಗುತ್ತಾರೆ. ಕೊಟ್ಟರೆ ನಷ್ಟವೇನು ಎಂದು ಕೊಡುತ್ತಾರೆ. ಅವನು ಒಂದೊಂದು ಬಟ್ಟೆಯಿಂದ ಯಾರಿಗೂ ಗೊತ್ತಾಗದ ಹಾಗೆ ಕೆಲವೇ ಎಳೆ ದಾರ ಎಳೆದು ಇಟ್ಟುಕೊಂಡು ಬಟ್ಟೆಯನ್ನು ಹಿಂತಿರುಗಿಸುತ್ತಾನೆ. ಆ ಎಳೆಗಳಿಂದ ಪುಟಾಣಿ ಮಗ್ಗದಲ್ಲಿ ಹಗ್ಗ ನೇಯುತ್ತಾನೆ. ಐದು ವರ್ಷ!

ಹೊಲಿಗೆ ಕ್ಲಾಸಿನಲ್ಲಿ ದಾರ ಎಳೆದು ಮಾಡುವ ಕಸೂತಿ ಕಲಿತವರಿಗೆ ಇದು ಎಂಥ ಕೆಲಸವೆಂದು ಗೊತ್ತು. ಅವಸರ ಮಾಡಿದರೆ ಎಳೆ ತುಂಡಾಗುತ್ತದೆ, ಬಟ್ಟೆ ಸುಕ್ಕುಗಟ್ಟುತ್ತದೆ. ಓದುತ್ತಿದ್ದವಳು ತಡೆಯಲಾರದೆ ಎದ್ದುಹೋಗಿ ಒಂದು ಹಳೇ ಹತ್ತಿ ಟವೆಲಿನ ಅಂಚಿನಿಂದ ಐದು ಎಳೆ ತೆಗೆದು ನೋಡಿದೆ. ಟವೆಲಿಗೇನೂ ಆಗಲಿಲ್ಲ, ಗೊತ್ತೂ ಆಗಲಿಲ್ಲ. ಆ ಐದು ಎಳೆ ಹೊಸೆದರೆ ದೇವರ ಮುಂದಿನ ಒಂದು ಬತ್ತಿಗೂ ಸಾಲದು. ದಿನಕ್ಕೆ ಮೂರು ಹೊತ್ತು ಎಂದು ಲೆಕ್ಕ ಹಿಡಿದರೆ ಐದು ವರ್ಷಕ್ಕೆ ಐದು ಸಾವಿರಕ್ಕೂ ಮೇಲೆ ಬಟ್ಟೆಗಳಾದವು. ಒಬ್ಬ ಭಯದ ಕಥೆ ಬರೆಯುವ ಗಂಡಸಿಗೆ ಈ ತಾಳ್ಮೆಯ ಲೆಕ್ಕ ಹೊಳೆಯಿತಲ್ಲ ಎಂದು ನನಗೆ ನಿಜವಾಗಿ ಆಶ್ಚರ್ಯವಾಯಿತು. ಈ ಕಥೆಗೆ ಆತ ಮೊದಲು ಇಟ್ಟಿದ್ದ ಹೆಸರೂ ‘ನ್ಯಾಪ್‌ಕಿನ್‌ಗಳು’ ಎಂದೇ ಅಂತೆ. ಆ ಹೆಸರೇ ಇರಬೇಕಿತ್ತು. ನಿಮ್ಮಲ್ಲಿ ಕೆಲವರು ‘ಶಾಶ್ಯಾಂಕ್ ರಿಡೆಂಪ್ಶನ್’ ಎಂಬ 1994ರ ಸಿನಿಮಾ ನೋಡಿರಬಹುದು. ಅದರಲ್ಲೂ ತಪ್ಪು ಮಾಡದೆ ಜೈಲು ಸೇರಿದವನೊಬ್ಬ ಪುಟ್ಟ ಸುತ್ತಿಗೆಯಿಂದ ವರ್ಷಗಟ್ಟಲೆ ಗೋಡೆ ಕೊರೆದು ಪಾರಾಗುತ್ತಾನೆ. ಅದರ ಮೂಲಕಥೆಯೂ ಈತನದೇ, 1982ರದು. ಅದರಲ್ಲಿ ಸುತ್ತಿಗೆ, ಇದರಲ್ಲಿ ದಾರ.

ಇಷ್ಟು ಚೆನ್ನಾಗಿದ್ದ ಮೇಲೆ ಓದುಗರಿಗೆ ಯಾಕೆ ಹಿಡಿಸಲಿಲ್ಲ? 1986ರ ಕೊನೆಯ ಭಾಗದಲ್ಲಿ ಆತನ ‘ಇಟ್’ ಎಂಬ ಕಾದಂಬರಿ ಬಂದಿತ್ತು. ಮಕ್ಕಳನ್ನು ಹಿಡಿದು ತಿನ್ನುವ ಕೋಡಂಗಿಯ ಕಥೆ, ಸಾವಿರಕ್ಕೂ ಹೆಚ್ಚು ಪುಟ. ಅದನ್ನು ಓದಿ ಬೆವೆತವರು ಕೆಲವೇ ತಿಂಗಳಲ್ಲಿ ಮುಂದಿನ ಪುಸ್ತಕ ಎಂದು ಕೊಂಡರೆ ಒಳಗೆ ರಾಜಕುಮಾರ ಮತ್ತು ಕೈ ಒರೆಸುವ ಬಟ್ಟೆ! ಎಷ್ಟೋ ಜನ ಅಭಿಮಾನಿಗಳು ಇದು ನಮ್ಮ ಕಿಂಗ್ ಅಲ್ಲವೇ ಅಲ್ಲ ಎಂದು ಮುಖ ತಿರುಗಿಸಿದರು. ಹೆದರಿಸುವವನು ಹೆದರಿಸಬೇಕು, ಅಷ್ಟೇ.

ನಮ್ಮ ಬೀದಿಯಲ್ಲಿ ಒಬ್ಬರು ಹೋಳಿಗೆಗೆ ಹೆಸರುವಾಸಿ. ಒಂದು ಯುಗಾದಿಗೆ ಅವರು ಹಯಗ್ರೀವ ಮಾಡಿ ಮನೆಮನೆಗೆ ಕೊಟ್ಟರು. ಹಯಗ್ರೀವ ತುಪ್ಪ, ಗಸಗಸೆ, ದ್ರಾಕ್ಷಿ ಎಲ್ಲ ಹಾಕಿ ಹದವಾಗಿಯೇ ಇತ್ತು. ತಿಂದವರೆಲ್ಲ ಕೇಳಿದ್ದು ಒಂದೇ, "ಯಾಕ್ರೀ, ಈ ಸಲ ಹೋಳಿಗೆ ಮಾಡ್ಲಿಲ್ವಾ?" ನಾನೂ ಕೇಳಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರು ಹಯಗ್ರೀವ ಮಾಡಿದ್ದು ನನಗೆ ಗೊತ್ತಿಲ್ಲ.

ಕಿಂಗ್ ಸುಮ್ಮನಿರಲಿಲ್ಲ. ಅದೇ 1987ರಲ್ಲಿ ‘ಮಿಸರಿ’ ಎಂಬ ಕಾದಂಬರಿ ಬಂತು. ಅದರಲ್ಲಿ ಒಬ್ಬ ಲೇಖಕ ತಾನು ಬರೆಯುತ್ತಿದ್ದ ಜನಪ್ರಿಯ ಕಾದಂಬರಿಗಳ ನಾಯಕಿಯನ್ನು ಸಾಯಿಸಿ, ಬೇರೆ ಥರದ್ದು ಬರೆಯಲು ಹೊರಟಿದ್ದಾನೆ. ಅಪಘಾತದಲ್ಲಿ ಕಾಲು ಮುರಿದು ಒಬ್ಬ ಅಭಿಮಾನಿ ನರ್ಸಿನ ಮನೆಯಲ್ಲಿ ಬೀಳುತ್ತಾನೆ. ಅವಳು ಅವನನ್ನು ಕೂಡಿಹಾಕಿ, ನನ್ನ ನಾಯಕಿಯನ್ನು ಬದುಕಿಸಿ ಬರೆ ಎಂದು ಹಿಂಸಿಸುತ್ತಾಳೆ. ಡ್ರ್ಯಾಗನ್ ಪುಸ್ತಕವನ್ನು ಓದುಗರು ತಳ್ಳಿದ ನೋವೂ ಇದರ ಹುಟ್ಟಿಗೆ ಒಂದು ಕಾರಣ ಎನ್ನುತ್ತಾರೆ. ತನ್ನನ್ನು ಹಿಡಿದಿದ್ದ ಮಾದಕ ವ್ಯಸನದ ನೆರಳೂ ಅದರಲ್ಲಿದೆ ಎಂದು ಆತ ಹೇಳಿಕೊಂಡಿದ್ದಾನೆ. 1990ರಲ್ಲಿ ಅದು ಸಿನಿಮಾ ಆಗಿ ನರ್ಸಿನ ಪಾತ್ರದ ಕ್ಯಾಥಿ ಬೇಟ್ಸ್‌ಗೆ ಆಸ್ಕರ್ ಬಂತು. ತಮಾಷೆ ನೋಡಿ, ಬೇರೆ ಥರ ಬರೆಯಲು ಬಿಡಿ ಎಂದು ಕೇಳಿಕೊಂಡ ಪುಸ್ತಕವೂ ಎದೆ ನಡುಗಿಸುವಂಥದ್ದೇ. ಓದುಗರು ಖುಷಿಯಾಗಿ ಕೊಂಡರು.

ಹೀಗೆಂದ ಮಾತ್ರಕ್ಕೆ ತಪ್ಪೆಲ್ಲ ಓದುಗರದು ಎಂದು ನಾನು ಹೇಳಲಾರೆ. ನನಗೂ ನಿರಾಶೆಯಾಯಿತು, ಆದರೆ ಕಾರಣ ಬೇರೆ. ಮಗಳಿಗಾಗಿ ಬರೆದ ಪುಸ್ತಕದಲ್ಲಿ ಹುಡುಗಿ ಎಲ್ಲಿ? ತಾಯಿ ಆರಂಭದಲ್ಲೇ ಸಾಯುತ್ತಾಳೆ. ಸೂಲಗಿತ್ತಿ ಪಾಪ ಮಾಡಿ ಮರೆಯಾಗುತ್ತಾಳೆ. ಆಮೇಲೆ ರಾಜ, ರಾಜಕುಮಾರ, ಮಾಂತ್ರಿಕ, ನ್ಯಾಯಾಧೀಶ, ಜೈಲಿನವನು, ಸ್ನೇಹಿತ, ಸೇವಕ, ಬರೀ ಗಂಡಸರು. ಮಗಳದೇ ಹೆಸರಿನ ನವೋಮಿ ಎಂಬ ಹುಡುಗಿ ಬರುವುದು ಕಥೆ ಮುಕ್ಕಾಲು ಕಳೆದ ಮೇಲೆ. ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿ ಓಡಿಸಿಕೊಂಡು ಬರುತ್ತಾಳೆ, ಧೈರ್ಯವಂತೆ, ನೋಡಲು ಚೆನ್ನ. ಅಷ್ಟರಲ್ಲಿ ಪೀಟರ್‌ನ ಸ್ನೇಹಿತನಿಗೆ ಅವಳ ಮೇಲೆ ಪ್ರೀತಿ! ಅವಳ ನಾಯಿ ಫ್ರಿಸ್ಕಿಯ ಮೂಗಿಗೆ ಯಾವ ಯಾವ ವಾಸನೆ ಹೇಗೆ ಬಂತೆಂದು ಪುಟಗಟ್ಟಲೆ ಇದೆ, ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಅಷ್ಟಿಲ್ಲ. ಅಂದು ‘ಕ್ಯಾರಿ’ ಬರೆಯುವಾಗ ಹೆಣ್ಣುಮಕ್ಕಳ ವಿಷಯ ಹೆಂಡತಿಯನ್ನು ಕೇಳಿದವನು ಇದಕ್ಕೂ ಕೇಳಬೇಕಿತ್ತು.

ಇನ್ನೊಂದು, ಕೊನೆ. ಐದು ವರ್ಷ ಎಳೆ ಎಳೆಯಾಗಿ ನೇಯ್ದದ್ದು ಒಂದೇ ರಾತ್ರಿಯಲ್ಲಿ ಗಡಿಬಿಡಿಯಿಂದ ಮುಗಿದುಹೋಗುತ್ತದೆ. ಹಗ್ಗ ಇಳಿಯುವ ಭಾಗ ಮಾತ್ರ ಉಸಿರು ಬಿಗಿಹಿಡಿದು ಓದುವಂತಿದೆ, ಅಲ್ಲಿ ನ್ಯಾಪ್‌ಕಿನ್‌ಗಳು ಇನ್ನೊಂದು ಸಲ ಕೈ ಹಿಡಿಯುತ್ತವೆ. ಹೇಗೆಂದು ಹೇಳುವುದಿಲ್ಲ, ಓದಿಕೊಳ್ಳಿ. ಅದಾದ ಮೇಲೆ ಪಾಪದ ಭಾರ ಹೊತ್ತ ಥಾಮಸ್ ಒಬ್ಬ ಸೇವಕನೊಂದಿಗೆ ದೂರದೇಶಕ್ಕೆ ಹೊರಡುತ್ತಾನೆ. ಮುಂದೇನಾಯಿತು? ಅದು ಬೇರೆ ಕಥೆ, ಇನ್ನೊಮ್ಮೆ ಹೇಳುತ್ತೇನೆ ಎಂಬಂತೆ ಹೇಳಿ ಕಥೆಗಾರ ಎದ್ದುಬಿಡುತ್ತಾನೆ. ಆ ಕಥೆಯನ್ನು ಆತ ಪುಸ್ತಕವಾಗಿ ಬರೆಯಲೇ ಇಲ್ಲ. ನನಗೆ ಬೇಕಾಗಿದ್ದದ್ದು ಅದೇ ಕಥೆ! ಒಳ್ಳೆಯವನು ಗೆದ್ದದ್ದು ಎಲ್ಲ ಕಥೆಯಲ್ಲೂ ಇದೆ. ಕಂಡೂ ಸುಮ್ಮನಿದ್ದವನು ಆಮೇಲೆ ಹೇಗೆ ಬಾಳಿದ?

ಮಕ್ಕಳಿಗೆ ಕೊಡುವವರಿಗೆ ಒಂದು ಮಾತು. ಮಗಳಿಗೆ ಬರೆದದ್ದು ಎಂದು ಎಂಟೊಂಬತ್ತು ವರ್ಷದವರ ಕೈಗೆ ಕೊಡಬೇಡಿ. ಹೆರಿಗೆಯ ಪ್ರಸಂಗ, ವಿಷ ಕುಡಿದ ರಾಜ ಒಳಗಿನಿಂದ ಬೆಂದು ಸಾಯುವ ಪ್ರಸಂಗ ಚಿಕ್ಕವರಿಗಲ್ಲ. ಹನ್ನೆರಡು ಹದಿಮೂರು ಕಳೆದ ಮೇಲೆ ಧಾರಾಳವಾಗಿ ಕೊಡಬಹುದು. ನೂರಕ್ಕೂ ಮಿಕ್ಕಿ ಅಧ್ಯಾಯಗಳಿದ್ದರೂ ಒಂದೊಂದು ಬಹಳ ಚಿಕ್ಕದು. ಕುಕ್ಕರು ಮೂರು ಸಲ ಕೂಗುವಷ್ಟರಲ್ಲಿ ಒಂದು ಮುಗಿಯುತ್ತದೆ. ನಾನು ಓದಿದ್ದೂ ಹಾಗೆಯೇ.

ನನ್ನ ಮಗಳ ವಿಷಯ ಹೇಳಲಿಲ್ಲ ಅಲ್ಲವೇ? ನಾನು ಟವೆಲಿನ ಎಳೆ ಎಣಿಸುತ್ತಾ ಕೂತಿದ್ದು ನೋಡಿ, "ಏನಮ್ಮಾ ಇದು, ಹುಚ್ಚಾ?" ಎಂದು ನಗುತ್ತಾ ಬಂದವಳು ಕಾರಣ ಕೇಳಿದಳು. ಅವಳು ಗೋಪುರದವರೆಗೆ ಓದಿಯೇ ಇರಲಿಲ್ಲವಂತೆ, ಅದಕ್ಕೆ ಮುಂಚೆಯೇ ಎಸೆದಿದ್ದಳು. ಹಾಸ್ಟೆಲಿಗೆ ಹೊರಡುವಾಗ ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಮೊನ್ನೆ ಫೋನ್ ಮಾಡಿದಾಗ ಅರ್ಧ ಆಗಿದೆ ಎಂದಳು, ಇಷ್ಟವಾಯಿತೋ ಇಲ್ಲವೋ ಹೇಳಲಿಲ್ಲ. "ಆ ಥಾಮಸ್ ಯಾಕಮ್ಮಾ ಬಾಯಿ ಬಿಡಲ್ಲ?" ಎಂದು ಮಾತ್ರ ಕೇಳಿದಳು.